ಹೂತುಹೋದ ಊರನ್ನು ಅಗೆದ ಬಗೆ

ಕ್ರಿ.ಶ. 79ರಲ್ಲಿ ವೆಸೂವಿಯಸ್ ಪರ್ವತವು ಬಾಯ್ದೆರೆದು ತನ್ನ ತಪ್ಪಲಿನ ಪಾಂಪೇಯಿ, ಹರ್ಕ್ಯುಲೇನಿಯಂ ಮೊದಲಾದ ಊರುಗಳನ್ನು ಮುಚ್ಚಿಹಾಕಿದ ವೃತ್ತಾಂತವನ್ನು ಬಾಲ್ಯದಲ್ಲಿ ಕೇಳದವರು ವಿರಳ; ಆದರೆ ಆ ಊರುಗಳು ಮರಳಿ ಬೆಳಕಿಗೆ ಬಂದ ವೃತ್ತಾಂತ, ಎಂದರೆ ಸುಮಾರು ಮುನ್ನೂರು ವರ್ಷಗಳಿಂದ ಮನುಷ್ಯರು ಅವನ್ನು ಅಗೆಯುತ್ತ, ಅಗೆಯುವ ಆತುರದಲ್ಲಿ ಕೆಡಿಸುತ್ತ, ಕೆಡಿಸಿದುದನ್ನು ಕಂಡು ನಾಚಿ ಕ್ರಮೇಣ ಅಗೆಯುವ ವಿದ್ಯೆಯನ್ನೇ ಕಲಿಯುತ್ತ ಬಂದ ವೃತ್ತಾಂತ, ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ನನ್ನ ಮಟ್ಟಿಗೆ ಈ ಎರಡನೆಯದೇ ಹೆಚ್ಚು ವಿಚಾರಾರ್ಹವಾದುದು.

ಎರಡು ಊರುಗಳೂ ಒಂದೇ ಪರ್ವತಕ್ಕೆ ತುತ್ತಾದರೂ ಹೂತ ರೀತಿ ಬೇರೆಬೇರೆ. ಪಾಂಪೇಯಿಯ ಮೇಲೆ ಮೊದಲು ಗಂಟೆಗಟ್ಟಲೆ ಸುರಿದದ್ದು ನೊರೆಯಂತೆ ರಂಧ್ರಮಯವಾದ ಹಗುರ ಕಲ್ಲಿನ ಮಳೆ; ಅದರ ಭಾರಕ್ಕೆ ಮಾಡುಗಳು ಕುಸಿದ ತರುವಾಯ, ಕುದಿಯುವ ಅನಿಲವೂ ಬೂದಿಯೂ ಬೆರೆತ ಪ್ರವಾಹವು ಹರಿದುಬಂದು ಉಳಿದವರನ್ನು ಕೊಂದಿತು. ಹೀಗೆ ಊರಿನ ಮೇಲೆ ಕೂತ ಹೊದಿಕೆ ನಾಲ್ಕರಿಂದ ಆರು ಮೀಟರು, ಅದೂ ಸಡಿಲವಾದದ್ದು. ಹರ್ಕ್ಯುಲೇನಿಯಂ ಮಾತ್ರ ಸುಮಾರು 20 ಮೀಟರು ಆಳದಲ್ಲಿ, ಕಾಲಾಂತರದಲ್ಲಿ ಕಲ್ಲಾಗಿ ಗಟ್ಟಿಗೊಂಡ ಬೂದಿಯ ಒಳಗೆ ಸಿಕ್ಕಿಕೊಂಡಿತು. ಅಲ್ಲಿ ಮರದ ತೊಲೆ, ತೊಟ್ಟಿಲು, ಓಲೆಸುರುಳಿಗಳೆಲ್ಲ ಇದ್ದಿಲಾಗಿ ಉಳಿದವು. ಮುಂದೆ ಅಗೆದವರ ಗುಣದೋಷಗಳೆಲ್ಲವೂ ಈ ವ್ಯತ್ಯಾಸವನ್ನು ಅವಲಂಬಿಸಿದ್ದುವು.

ಈ ದುರಂತವನ್ನು ಕಣ್ಣಾರೆ ಕಂಡು ಬರೆದಿಟ್ಟವನು ಕಿರಿಯ ಪ್ಲಿನಿ. ಇತಿಹಾಸಕಾರ ಟ್ಯಾಸಿಟಸನಿಗೆ ಅವನು ಬರೆದ ಎರಡು ಪತ್ರಗಳು ಉಳಿದುಬಂದಿವೆ. ಅವನ ಸೋದರಮಾವನಾದ ಹಿರಿಯ ಪ್ಲಿನಿ ಮಿಸೇನಂ ಬಂದರಿನ ನೌಕಾಪಡೆಯ ಅಧಿಪತಿಯಾಗಿದ್ದು, ಜನರನ್ನು ಪಾರುಗಾಣಿಸಲು ಹಡಗುಗಳೊಡನೆ ಹೋಗಿ ಸ್ಟೇಬಿಯೆಯ ದಡದಲ್ಲಿ ಪ್ರಾಣಬಿಟ್ಟನು. ಭಾರತದ ಪಶ್ಚಿಮ ತೀರದಲ್ಲಿ 'ನಿತ್ರಿಯಸ್' ಎಂಬ ಸ್ಥಳದ ಕಡಲ್ಗಳ್ಳರ ಭಯವನ್ನು ತನ್ನ ಬೃಹದ್ಗ್ರಂಥದಲ್ಲಿ ಹೇಳಿದವನು ಈತನೇ. ಆ ಸ್ಥಳ ನಮ್ಮ ನೇತ್ರಾವತಿಯ ಅಳಿವೆಯ ಪ್ರದೇಶವಿರಬೇಕೆಂದು ಕೆಲವು ವಿದ್ವಾಂಸರು ಊಹಿಸುತ್ತಾರೆ.

ಹದಿನಾರನೆಯ ಶತಮಾನದ ಕಡೆಯಲ್ಲಿ ಡೊಮೆನಿಕೊ ಫಾಂಟಾನನೆಂಬ ವಾಸ್ತುಶಿಲ್ಪಿ ನೀರಿನ ಕಾಲುವೆಯೊಂದನ್ನು ಪಾಂಪೇಯಿಯ ನಡುವೆಯೇ ತೋಡಿಸಿದನು. ಶಾಸನಗಳು ಸಿಕ್ಕವು, ಗೋಡೆಗಳು ಸಿಕ್ಕವು, ಊರು ಮಾತ್ರ ಯಾರ ಗಮನಕ್ಕೂ ಬರಲಿಲ್ಲ. ಅಲ್ಲಿನ ರೈತರು ಆ ದಿಬ್ಬವನ್ನು 'ನಗರ' ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಿದ್ದರೆಂಬುದನ್ನು ನೆನೆದರೆ, ಪಂಡಿತರು ಹಳ್ಳಿಗರ ಮಾತಿಗೆ ಕಿವಿಗೊಡುವುದು ಎಷ್ಟು ಅಪರೂಪವೆಂಬುದು ತಿಳಿಯುತ್ತದೆ. ಅತ್ತ ಹರ್ಕ್ಯುಲೇನಿಯಮ್ಮಿನ ಮೇಲೆ ನೆಲಸಿದ್ದ ರೆಸಿನಾ ಗ್ರಾಮದಲ್ಲಿ 1709ರ ಸುಮಾರಿಗೆ ಬಾವಿ ತೋಡುವವರಿಗೆ ಅಮೃತಶಿಲೆ ದೊರೆಯಿತು. ಎಲ್‌ಬಫ್ ಎಂಬ ರಾಜಕುಮಾರನು ಆ ನೆಲವನ್ನೇ ಕೊಂಡು, ತಳದಲ್ಲಿ ಸುರಂಗಗಳನ್ನು ಕೊರೆಯಿಸಿ, ಸಿಕ್ಕಿದ ಪ್ರತಿಮೆಗಳನ್ನು ಎತ್ತಿಸಿದನು. ಅವನು ಕೊರೆದದ್ದು ಪುರಾತನ ನಾಟ್ಯಶಾಲೆಯೊಂದರ ಒಡಲನ್ನೆಂಬುದು ಅವನಿಗೆ ತಿಳಿದಿರಲಿಲ್ಲ.

1738ರಲ್ಲಿ ನೇಪಲ್ಸಿನ ದೊರೆ ಬೂರ್ಬನ್ ವಂಶದ ಚಾರ್ಲ್ಸನು ಈ ಕಾರ್ಯವನ್ನು ರಾಜಕಾರ್ಯವನ್ನಾಗಿ ಮಾಡಿ, ಅಲ್ಕುಬಿಯೆರೆ ಎಂಬ ಸ್ಪೇನಿನ ಸೈನಿಕ ಎಂಜಿನಿಯರನ್ನು ಅದಕ್ಕೆ ನೇಮಿಸಿದನು. ಗಣಿ ತೋಡುವುದರಲ್ಲಿ ನಿಪುಣನಾದ ಈತನಿಗೆ ಊರೆಂಬುದು ಅದಿರಿನ ಪದರವಾಗಿ ಕಂಡಿತೆಂದರೆ ತಪ್ಪಲ್ಲ. ಕೈದಿಗಳೂ ಕೂಲಿಗಳೂ ದೀಪದ ಹೊಗೆಯಲ್ಲಿ ಉಸಿರುಗಟ್ಟಿ ಸುರಂಗ ಕೊರೆಯುವರು. ಗೋಡೆ ಅಡ್ಡಬಂದರೆ ಗೋಡೆಯನ್ನೇ ತೂತಿಡುವರು. ಚಿತ್ರವಿದ್ದ ಭಾಗವನ್ನು ಚೌಕವಾಗಿ ಕತ್ತರಿಸಿ ಮೇಲೆ ಕಳುಹಿಸುವರು. ಮುಂದಿನ ಸುರಂಗದ ಮಣ್ಣನ್ನು ಹಿಂದಿನದಕ್ಕೆ ತುಂಬುವರು. ಅರಮನೆಗೆ ಅರ್ಹವಲ್ಲವೆಂದು ತೋರಿದ ಭಿತ್ತಿಚಿತ್ರಗಳನ್ನು ಒಡೆದುಹಾಕಿದುದೂ ಉಂಟು. ಕಂಚಿನ ಅಕ್ಷರಗಳುಳ್ಳ ಶಾಸನವೊಂದು ಸಿಕ್ಕಾಗ, ಅದನ್ನು ಓದಿ ನಕಲು ಮಾಡಿಕೊಳ್ಳುವ ಮೊದಲೇ ಅಕ್ಷರಗಳನ್ನು ಗೋಡೆಯಿಂದ ಕಿತ್ತು, ಬುಟ್ಟಿಯಲ್ಲಿ ಕಲಸಿ, ದೊರೆಗೆ ಒಪ್ಪಿಸಿದರೆಂದು ಜರ್ಮನಿಯ ಕಲಾವಿಮರ್ಶಕ ವಿಂಕೆಲ್‌ಮನ್ನನು 1762ರ ಪತ್ರದಲ್ಲಿ ಜರೆದಿದ್ದಾನೆ. ಆ ಅಕ್ಷರಗಳು ಏನನ್ನು ಹೇಳುತ್ತಿದ್ದುವೋ ಆಮೇಲೆ ಯಾರಿಗೂ ತಿಳಿಯಲಿಲ್ಲ.

ಆ ಕತ್ತಲೆಯಲ್ಲಿಯೂ ಒಬ್ಬನು ಬೇರೆ ತೆರನಾಗಿ ಯೋಚಿಸಿದನು. ಅಲ್ಕುಬಿಯೆರೆಯ ಕೈಕೆಳಗಿನ ಸ್ವಿಸ್ ಎಂಜಿನಿಯರ್ ಕಾರ್ಲ್ ವೇಬರ್ 1750ರಿಂದ ಮುಂದೆ ಭೂಗತವಾದ ಒಂದು ಮಹಾಸೌಧದಲ್ಲಿ ಸುರಂಗಗಳನ್ನು ಕೊರೆಯಿಸುತ್ತಿದ್ದಾಗ, ಯಾವ ವಸ್ತು ಯಾವ ಕೋಣೆಯಲ್ಲಿ ದೊರೆಯಿತೆಂಬುದನ್ನು ಗುರುತು ಹಾಕಿ ಇಡೀ ಮನೆಯ ನಕ್ಷೆಯನ್ನು ರಚಿಸಿದನು. ಮೇಲಧಿಕಾರಿ ಅದನ್ನು ಕಾಲಹರಣವೆಂದೇ ಎಣಿಸಿದನು. ಆ ಮನೆಯಲ್ಲಿಯೇ ಇದ್ದಿಲಿನ ಕೊರಡುಗಳಂತೆ ಕಾಣುತ್ತಿದ್ದ ಸಾವಿರಾರು ಓಲೆಸುರುಳಿಗಳೂ ಚೂರುಗಳೂ ದೊರೆತದ್ದು. ಅದರ ಸುರಂಗಗಳು ಮರಳಿ ಮುಚ್ಚಿಹೋದ ಮೇಲೆ ಶತಮಾನಗಟ್ಟಲೆ ಆ ಮನೆಯ ರೂಪವನ್ನು ಲೋಕ ಅರಿತದ್ದು ವೇಬರನ ನಕ್ಷೆಯಿಂದ. ಆ ಸುರುಳಿಗಳಲ್ಲಿ ಬಿಚ್ಚಲಾಗದೆ ಉಳಿದವನ್ನು ಈಗ ಕ್ಷಕಿರಣಗಳಿಂದಲೂ ಗಣಕಯಂತ್ರದಿಂದಲೂ ಮುಟ್ಟದೆಯೇ ಓದುವ ಯತ್ನ ಫಲಿಸತೊಡಗಿದೆ; 2023ರಲ್ಲಿ ಹೀಗೆ ಮೊದಲು ಓದಲಾದ ಗ್ರೀಕ್ ಪದದ ಅರ್ಥ 'ನೇರಳೆ ಬಣ್ಣ'.

ಪಾಂಪೇಯಿಯ ಅಗೆತ 1748ರಲ್ಲಿ ಮೊದಲಾಯಿತು. ಅದು ಪಾಂಪೇಯಿಯೇ ಎಂದು ಶಾಸನಬಲದಿಂದ ಸ್ಥಿರಪಟ್ಟದ್ದು 1763ರಲ್ಲಿ. ಮುಂದಿನ ನೂರು ವರ್ಷ ರಾಜರ ಕುತೂಹಲದ ಏರಿಳಿತದಂತೆ ಕೆಲಸ ನಡೆಯಿತು. ಗಣ್ಯ ಅತಿಥಿಗಳು ಬಂದಾಗ ಮೊದಲೇ ಅಗೆದಿದ್ದ ಕೋಣೆಯನ್ನು ಮತ್ತೆ ಮುಚ್ಚಿ, ಅವರ ಮುಂದೆ 'ಆಕಸ್ಮಿಕವಾಗಿ' ಅಗೆದು ತೋರಿಸುವ ನಾಟಕಗಳೂ ನಡೆದುವು.

ನಿಜವಾದ ತಿರುವು ಜುಸೆಪ್ಪೆ ಫಿಯೊರೆಲ್ಲಿಯಿಂದ ಬಂದಿತು. ರಾಜಕೀಯ ಅಭಿಪ್ರಾಯಗಳಿಗಾಗಿ ಬೂರ್ಬನ್ನರ ಸೆರೆಯನ್ನು ಅನುಭವಿಸಿದ್ದ ಈ ವಿದ್ವಾಂಸನು, ಇಟಲಿ ಒಂದುಗೂಡಿದ ಕಾಲದಲ್ಲಿ ಅಗೆತದ ಹೊಣೆಹೊತ್ತು, ಬೀದಿಯಿಂದ ಗೋಡೆಗೆ ನುಗ್ಗುವ ಹಳೆಯ ರೂಢಿಯನ್ನು ನಿಲ್ಲಿಸಿ, ಮೇಲಿನಿಂದ ಕೆಳಕ್ಕೆ ಪದರಪದರವಾಗಿ ಮಣ್ಣು ತೆಗೆಯುವ ಕ್ರಮವನ್ನು ತಂದನು. ಊರನ್ನು ಒಂಬತ್ತು ವಿಭಾಗಗಳಾಗಿಯೂ ವಿಭಾಗಗಳನ್ನು ಕೇರಿಗಳಾಗಿಯೂ ಹಂಚಿ ಬಾಗಿಲುಬಾಗಿಲಿಗೆ ಸಂಖ್ಯೆ ಕೊಟ್ಟನು. ಇಂದಿಗೂ ಪಾಂಪೇಯಿಯ ಮನೆಯೊಂದಕ್ಕೆ ವಿಳಾಸವೆಂಬುದು ಇದ್ದರೆ ಅದು ಫಿಯೊರೆಲ್ಲಿ ಕೊಟ್ಟದ್ದು. 1863ರಲ್ಲಿ ಅವನು ಮಾಡಿದ ಇನ್ನೊಂದು ಕಾರ್ಯ ಅವನ ಹೆಸರನ್ನು ಲೋಕಪ್ರಸಿದ್ಧಗೊಳಿಸಿತು. ಗಟ್ಟಿಗೊಂಡ ಬೂದಿಯೊಳಗೆ ದೇಹಗಳು ಕೊಳೆತು, ಅವುಗಳ ಆಕಾರದ ಪೊಳ್ಳು ಮಾತ್ರ ಉಳಿದಿರುವುದನ್ನು ಬಲ್ಲ ಅವನು, ಗುದ್ದಲಿಗೆ ಅಂಥ ಪೊಳ್ಳು ತಾಗಿದೊಡನೆ ಕೆಲಸವನ್ನು ತಡೆದು, ತೂತಿನ ಮೂಲಕ ನೀರಾದ ಗಾರೆಯನ್ನು ಹೊಯ್ಯಿಸಿ, ಅದು ಬಿಗಿದ ಮೇಲೆ ಸುತ್ತಣ ಬೂದಿಯನ್ನು ಬಿಡಿಸಿದನು. ಉಡುಪಿನ ನೆರಿಗೆ, ಕೆರದ ಪಟ್ಟಿ, ಮುಖಕ್ಕೆ ಅಡ್ಡಹಿಡಿದ ಕೈ, ಎಲ್ಲವೂ ಮೈದಳೆದುವು.

ಆದರೆ ಈ ಮೂರ್ತಿಗಳ ಸುತ್ತ ಕಣ್ಣೀರಿನ ಕಥೆಗಳು ಹೆಣೆದುಕೊಂಡುದು ವಿದ್ಯೆಗೆ ಹಿತವಾಗಲಿಲ್ಲ. ಚಿನ್ನದ ಕಡಗ ತೊಟ್ಟು ಮಗುವಿನ ಸಮೀಪದಲ್ಲಿದ್ದ ದೇಹವನ್ನು ತಾಯಿಯೆಂದು ಬಹುಕಾಲ ಬಣ್ಣಿಸಲಾಗಿತ್ತು. 2024ರಲ್ಲಿ ಪ್ರಕಟವಾದ ಡಿಎನ್ಎ ಪರೀಕ್ಷೆಯಿಂದ ಅದು ಗಂಡಸಿನದೆಂದೂ ಆ ಮಗುವಿಗೆ ರಕ್ತಸಂಬಂಧವಿಲ್ಲದವನದೆಂದೂ ತಿಳಿದುಬಂದಿತು. ಆಗಸ್ಟ್ 24 ಎಂದು ಎಲ್ಲರೂ ಒಪ್ಪಿದ್ದ ಸ್ಫೋಟದ ದಿನವೂ ಹೀಗೆಯೇ ಅಲುಗಿದೆ. 2018ರಲ್ಲಿ ಒಂದು ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಗೀಚಿದ ಬರಹವೊಂದು ಕಂಡಿತು. ಅದರ ತೇದಿ ಅಕ್ಟೋಬರ್ 17, ವರ್ಷವಿಲ್ಲ. ಆದರೆ ಇದ್ದಿಲಿನ ಗೀಟು ಬಹುಕಾಲ ಉಳಿಯುವಂಥದಲ್ಲವಾದುದರಿಂದ ಊರು ಮುಳುಗಿದ್ದು ಶರತ್ಕಾಲದಲ್ಲಿಯೇ ಎಂಬ ವಾದಕ್ಕೆ ಬಲ ಬಂದಿದೆ.

1924ರಿಂದ 1961ರವರೆಗೆ ಅಗೆತವನ್ನು ನಡೆಸಿದ ಅಮೆದೇಓ ಮೈಯೂರಿಯ ಕಾಲದಲ್ಲಿ, 1938ರಲ್ಲಿ, ಮನೆಯೊಂದರಲ್ಲಿ ದಂತದ ಪುಟ್ಟ ಸ್ತ್ರೀಮೂರ್ತಿ ದೊರೆಯಿತು. ಅದು ಭಾರತದ ಕೆತ್ತನೆ. ಮೊದಲು ಲಕ್ಷ್ಮಿಯೆಂದು ಕರೆದರು. ಯಕ್ಷಿಯಿರಬೇಕೆಂಬುದೇ ಹೆಚ್ಚು ಸಮಂಜಸ, ಏಕೆಂದರೆ ಇಂಥದೇ ದಂತದ ಮೂರ್ತಿ ದಖನ್ನಿನ ಭೋಕರ್ದನದಲ್ಲಿ ದೊರೆತಿದೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿರುವುದನ್ನು ಇದರೊಡನೆ ಇಟ್ಟು ನೋಡಿದರೆ ವ್ಯಾಪಾರದ ಎರಡು ತುದಿಗಳೂ ಕಾಣುತ್ತವೆ. ಇದೇ ಮೈಯೂರಿಯ ಕಣ್ಣೆದುರಿನಲ್ಲಿಯೇ 1943ರಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳು ಪಾಂಪೇಯಿಯ ಮೇಲೆ 150ಕ್ಕೂ ಹೆಚ್ಚು ಬಾಂಬುಗಳನ್ನು ಹಾಕಿದುವು. ಯುದ್ಧಾನಂತರ ಅವನೂ ಆತುರಪಟ್ಟನು. ಆಗ ಅಗೆದ ಎಷ್ಟೋ ಮನೆಗಳ ದಾಖಲೆ ಸಮರ್ಪಕವಾಗಿ ಪ್ರಕಟವಾಗಲಿಲ್ಲ.

ಪಾಂಪೇಯಿಯ ಕೋಟೆಯೊಳಗಣ 66 ಹೆಕ್ಟೇರುಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಇನ್ನೂ ಬೂದಿಯ ಕೆಳಗಿದೆ. ಅದನ್ನೂ ಬಗೆದು ನೋಡಬೇಕೆಂಬ ಒತ್ತಾಯ ಆಗಾಗ ಕೇಳಿಬರುತ್ತದೆ. ಬಯಲಿಗೆ ಬಂದ ಗೋಡೆ ಮಳೆಗೂ ಬಿಸಿಲಿಗೂ ಪ್ರವಾಸಿಗರ ಕಾಲಿಗೂ ಗುರಿಯಾಗುತ್ತದೆ. ಗ್ಲಾಡಿಯೇಟರುಗಳದೆಂದು ಹೆಸರಾದ ಕಟ್ಟಡವು 2010ರ ನವೆಂಬರಿನಲ್ಲಿ ಕುಸಿದುಬಿದ್ದುದು ಎಲ್ಲರಿಗೂ ಗೊತ್ತು. ಅಲ್ಕುಬಿಯೆರೆಗೆ ಸುರುಳಿಗಳನ್ನು ಮುಟ್ಟದೆ ಓದಬಹುದೆಂಬ ಕಲ್ಪನೆಯಿರಲಿಲ್ಲ, ಫಿಯೊರೆಲ್ಲಿಗೆ ಡಿಎನ್ಎ ಗೊತ್ತಿರಲಿಲ್ಲ. ಮುಂದಿನವರಿಗೆ ತಿಳಿಯಲಿರುವುದು ನಮಗೂ ಗೊತ್ತಿಲ್ಲ. ಆದುದರಿಂದ, ಈಗಾಗಲೇ ಅಗೆದುದನ್ನು ಕಾಪಾಡುವ ಶಕ್ತಿ ಬರುವತನಕ ಉಳಿದ ಭಾಗವನ್ನು ಪರ್ವತದ ವಶದಲ್ಲಿಯೇ ಬಿಡುವುದು ಲೇಸು.