ಆಯಿಯ ತವರಿನ ಹೆಸರು

ಹೊಲದ ವಾರಸಾ ಕೆಲಸಕ್ಕೆ ಬೇವೂರಿಗೆ ಹೋಗಿದ್ದೆ. ವಂಶಾವಳಿ ಬರೆಸುವಾಗ ಮುತ್ಯಾ, ಅವನ ಅಪ್ಪ, ಅವನ ಅಜ್ಜ ಎಂದು ಕಾಕಾ ಗಡಗಡ ಹೆಸರು ಹೇಳಿದರು. ಆಯಿಯ ಸರದಿ ಬಂದಾಗ ಬರೆಯಲು ಒಂದು ಹೆಸರೇನೋ ಇತ್ತು, ಮದುವೆಯ ದಿನ ಗಂಡನ ಮನೆಯವರು ಇಟ್ಟ ಬನಶಂಕರಿಯ ಹೆಸರು. ಅದಕ್ಕೂ ಮೊದಲು, ಹುನಗುಂದದ ಕಡೆಯ ತನ್ನ ತವರಿನಲ್ಲಿ, ಅವಳು ಏನಾಗಿದ್ದಳು? ಕಚೇರಿಗೆ ಅದು ಬೇಕಿರಲಿಲ್ಲ. ನನಗೆ ಬೇಕಾಗಿತ್ತು.

ಆಯಿ ಹುಟ್ಟಿದ ತಾರೀಖನ್ನೂ ಯಾರೂ ಬರೆದಿಟ್ಟಿಲ್ಲ. 1918ರ ಇನ್‌ಫ್ಲುಯೆಂಜಾ ಬೇನೆಯಲ್ಲಿ ತಾಯಿ ಹೋದಾಗ ಅವಳ ಹಾಲುಹಲ್ಲು ಬೀಳುತ್ತಿದ್ದವಂತೆ. ನಮ್ಮ ಲೆಕ್ಕವೆಲ್ಲ ಅಲ್ಲಿಂದ. ಆಗ ನಮ್ಮದು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು, 1973ರಲ್ಲಿ ಅದು ಕರ್ನಾಟಕವಾಯಿತು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾದದ್ದನ್ನು ನೋಡಲು ಅವಳಿರಲಿಲ್ಲ. ಅವಳ ಹೆಸರಿನ ಹಾಗೆ ಸೀಮೆಯ ಹೆಸರೂ ಬದಲಾಗುತ್ತಿತ್ತು, ಒಲೆ ಮಾತ್ರ ಅದೇ!

ಮೂವತ್ತರ ಆಸುಪಾಸಿನಲ್ಲಿ ಮುತ್ಯಾ ತೀರಿಕೊಂಡ. ನಾಲ್ಕು ಮಕ್ಕಳು, ಮಳೆ ನಂಬಿದ ಎರೆಹೊಲ. ಹೊಲ ಲಾವಣಿಗೆ ಹಾಕು ಎಂದ ಮೈದುನರಿಗೆ, "ಬಿತ್ತಾಕ ನನಗ ಬರತೈತಿ" ಎಂದಳಂತೆ. ಜೋಳ ಹಗೇವಿನಲ್ಲಿರುತ್ತಿತ್ತು. ಹಗೇವಿನ ಬಾಯಿ ತೆಗೆದೊಡನೆ ಯಾರನ್ನೂ ಇಳಿಯಗೊಡುತ್ತಿರಲಿಲ್ಲ. ಕಂದೀಲು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳು ಇಳಿಯಬೇಕು.

1972ರ ಬರ ಬಿದ್ದಾಗ ನಾನು ಕೂಸು. ಅವ್ವ ಹೇಳುತ್ತಾಳೆ: ಆಯಿ ಹಗೇವು ತೆಗೆಸಿ, ಬೀಜದ ಜೋಳ ಮೊದಲು ಬೇರೆ ಕಟ್ಟಿಟ್ಟು, ಉಳಿದದ್ದನ್ನು ಸೇರಿನಿಂದ ಅಳೆದು ಓಣಿಗೆಲ್ಲ ಕೊಟ್ಟಳು. ಬರಗಾಲದ ಕಾಮಗಾರಿಗೆ ಕಲ್ಲು ಒಡೆಯಲು ಹೋದವರ ಕೂಸುಗಳು ನಮ್ಮ ಪಡಸಾಲೆಯಲ್ಲೇ ಬೆಳೆದವು. ಯಾರಿಗೆ ಎಷ್ಟು ಎಂಬುದಕ್ಕೆ ಗೋಡೆಯ ಮೇಲೆ ಸುಣ್ಣದ ಗೆರೆ. ಮುಂದೊಂದು ದೀಪಾವಳಿಗೆ ಆ ಗೋಡೆಯನ್ನು ತಾನೇ ಸಾರಿಸಿಬಿಟ್ಟಳು. ಎಲ್ಲರೂ ತಿರುಗಿ ಕೊಟ್ಟಿರಲಿಲ್ಲ ಎಂದು ಅವ್ವನಿಗೆ ಈಗಲೂ ಸಿಟ್ಟು.

ಇಷ್ಟು ಗಟ್ಟಿ ಹೆಂಗಸು ಮುತ್ಯಾನ ಹೆಸರನ್ನು ಒಡಪಿನಲ್ಲಲ್ಲದೆ ಹೇಳಲಿಲ್ಲ, ತನ್ನದನ್ನೂ ಹೇಳಲಿಲ್ಲ. 1951-52ರ ಮೊದಲ ಚುನಾವಣೆಯ ಯಾದಿಗೆ ದೇಶದಲ್ಲಿ ಎಷ್ಟೋ ಹೆಂಗಸರು ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು. ಸ್ವಂತ ಹೆಸರಿಲ್ಲದೆ ಆಗದು ಎಂದು ಚುನಾವಣಾ ಆಯುಕ್ತ ಸುಕುಮಾರ ಸೇನ್ ಹಟ ಹಿಡಿದರು. ಉತ್ತರದ ಕಡೆಯೇ ಹೆಚ್ಚಾಗಿ, ಸುಮಾರು 28 ಲಕ್ಷ ಹೆಂಗಸರು ಯಾದಿಯಿಂದ ಬಿಟ್ಟುಹೋದರು. ತರಗತಿಯಲ್ಲಿ ಇದನ್ನು ಹೇಳುವಾಗಲೆಲ್ಲ ನನಗೆ ಆಯಿ ನೆನಪಾಗುತ್ತಾಳೆ.

ಹುಡುಗಿಯರನ್ನು ಬಾದಾಮಿಗೆ ಕರೆದೊಯ್ದರೆ ಊರೊಳಗಿನ ಜಂಬುಲಿಂಗ ಗುಡಿಯನ್ನು ತಪ್ಪದೆ ತೋರಿಸುತ್ತೇನೆ. ಅಲ್ಲಿಯ ಕ್ರಿ.ಶ. 699ರ ಶಾಸನ, ಚಾಲುಕ್ಯ ಅರಸ ವಿಜಯಾದಿತ್ಯನ ತಾಯಿ ವಿನಯವತಿ ಬ್ರಹ್ಮ, ವಿಷ್ಣು, ಮಹೇಶ್ವರರನ್ನು ಪ್ರತಿಷ್ಠಾಪಿಸಿದ್ದನ್ನು ಹೇಳುತ್ತದೆ. ಮಗ ಆಳುವಾಗ ತಾಯಿಯ ಹೆಸರು ಕಲ್ಲಿಗೆ ಬಂತು ನೋಡಿರಿ ಎಂದೆ. ಒಬ್ಬ ಹುಡುಗಿ ತಟ್ಟನೆ, "ಟೀಚರ್, ಆಕಿ ಗಂಡ ವಿನಯಾದಿತ್ಯ ಅಲ್ರಿ? ಹಂಗಾರ ಇದೂ ಗಂಡನ ಮನ್ಯಾಗ ಇಟ್ಟ ಹೆಸರೇನ್ರಿ?" ಎಂದಳು. ಇಷ್ಟು ವರ್ಷ ಪಾಠ ಮಾಡಿಯೂ ನನಗದು ಹೊಳೆದಿರಲಿಲ್ಲ.

ಆಯಿಯ ತವರಿನ ಹೆಸರನ್ನು ನಾನು ಕಿವಿಯಾರೆ ಕೇಳಿದ್ದೇನೆ. ಪಂಚಮಿಗೆ ಅವಳ ಅಣ್ಣ ಉಂಡಿಯ ಡಬ್ಬಿ, ಬಗಲಲ್ಲಿ ಒಂದು ಇಳಕಲ್ ಸೀರೆ ಹಿಡಿದು ಬರುತ್ತಿದ್ದ. ಹೊಸ್ತಿಲಾಚೆಯಿಂದಲೇ ಆ ಹೆಸರು ಹಿಡಿದು ಕೂಗುತ್ತಿದ್ದ. ಮುದುಕ ಯಾರನ್ನೋ ಕರೆಯುತ್ತಾನೆಂದು ನಾವು ಮಕ್ಕಳು ನಗುತ್ತಿದ್ದೆವು. ಆಯಿ ಹಿಟ್ಟಿನ ಕೈಯಲ್ಲೇ ಓಡಿ ಬರುತ್ತಿದ್ದಳು. ಏಳೆಂಟು ಪಂಚಮಿ ಕೇಳಿದ್ದು, ಈಗ ಧ್ವನಿಯಷ್ಟೇ ನೆನಪಿದೆ. ಅವಳಿದ್ದಾಗ ಒಮ್ಮೆ ಕೇಳಿದೆ. "ಅದನ್ನ ತಗೊಂಡು ನೀ ಏನ್ ಮಾಡ್ತಿ? ಅಣ್ಣ ಒಬ್ಬಾವ ಕರೀತಾನ, ಕರೀಲಿ ಬಿಡು" ಎಂದು ರೊಟ್ಟಿ ತಿರುವಿ ಹಾಕಿದಳು.

ವಾರಸಾ ಮುಗಿದ ಮೇಲೆ ಅವಳ ತವರಿಗೂ ಹೋಗಿ ಬಂದೆ. ಅಣ್ಣನ ಸೊಸೆ ಇದ್ದಾರೆ, ಕಣ್ಣು ಮಂಜು. ಚಹಾ ಕೊಟ್ಟು, ಬಹಳ ಹೊತ್ತು ಯೋಚಿಸಿದರು.

"ನಾವು ಬೇವೂರ ಅತ್ತಿ ಅಂತಿದ್ವಿ, ತಂಗಿ. ಎಲ್ಲಾರೂ ಹಂಗ ಅಂತಿದ್ರು."