ಹ್ಯಾಂಗ್ ಆಗುವ ಕಂಪ್ಯೂಟರ್‌ಗಳ ಇತಿಹಾಸ: ಬೇಲಿ ಯಾರ ಹೊಲಕ್ಕಿತ್ತು?

ಪತ್ರಿಕೋದ್ಯಮ ಓದುವಾಗ ಕಂಪ್ಯೂಟರ್ ಲ್ಯಾಬಿನಲ್ಲಿ ನಾವು ಕಲಿತ ಮೊದಲ ಪಾಠ ಸುದ್ದಿ ಬರೆಯುವುದಲ್ಲ, ಎರಡು ಸಾಲಿಗೊಮ್ಮೆ ಸೇವ್ ಮಾಡುವುದು. ಅಲ್ಲಿದ್ದವು ಹಳೆಯ ಕಂಪ್ಯೂಟರ್‌ಗಳು. ಮುಕ್ಕಾಲು ಪುಟ ಕನ್ನಡ ಟೈಪ್ ಮಾಡಿ, ಇನ್ನೇನು ಮುಗಿಯಿತು ಅನ್ನುವಾಗ ಹ್ಯಾಂಗ್. ಆಫ್ ಮಾಡಿ ಆನ್ ಮಾಡಿದರೆ ಬರೆದದ್ದೆಲ್ಲ ಮಾಯ. ಆಮೇಲೆ ನಮ್ಮನಮ್ಮಲ್ಲೇ ಜಗಳ. ವಿಂಡೋಸ್ ಸರಿಯಿಲ್ಲ, ಲಿನಕ್ಸ್ ಗಟ್ಟಿ, ಮ್ಯಾಕ್ ಆಗಿದ್ದರೆ ಹೀಗಾಗುತ್ತಲೇ ಇರಲಿಲ್ಲ ಅಂತ. ಮ್ಯಾಕ್ ಅನ್ನು ನಮ್ಮಲ್ಲಿ ಒಬ್ಬರೂ ಮುಟ್ಟಿರಲಿಲ್ಲ ಎನ್ನುವುದು ಬೇರೆ ಮಾತು.

ಈಗ ಹಿಂದಿನದನ್ನು ಕೆದಕಿ ನೋಡಿದರೆ, ನಾವು ಹೆಸರು ಹಿಡಿದು ಜಗಳ ಆಡಿದ್ದೇ ತಪ್ಪು ಅನ್ನಿಸುತ್ತದೆ. ಕೇಳಬೇಕಿದ್ದ ಪ್ರಶ್ನೆ ಬೇರೆ: ಒಳಗೆ ಬೇಲಿ ಇತ್ತೇ, ಇಲ್ಲವೇ?

ಕಂಪ್ಯೂಟರಿನ ಮೆಮೊರಿಯನ್ನು ಒಂದು ದೊಡ್ಡ ಹೊಲ ಅಂದುಕೊಳ್ಳಿ. ಪ್ರತಿ ಪ್ರೋಗ್ರಾಂಗೂ ಅದರಲ್ಲಿ ಒಂದೊಂದು ತುಂಡು. ಹಂಚಿಕೊಡುವ ಯಜಮಾನನೇ ಆಪರೇಟಿಂಗ್ ಸಿಸ್ಟಮ್. ತುಂಡುಗಳ ನಡುವೆ ಬೇಲಿ ಇಲ್ಲದಿದ್ದರೆ ಒಬ್ಬನ ದನ ಇನ್ನೊಬ್ಬನ ಪೈರಿಗೆ ನುಗ್ಗುತ್ತದೆ. ಯಜಮಾನನ ಮನೆಯೊಳಕ್ಕೇ ನುಗ್ಗಿದರಂತೂ ಇಡೀ ಕಂಪ್ಯೂಟರ್ ನಿಂತಂತೆ.

1984ರಲ್ಲಿ ಬಂದ ಆ್ಯಪಲ್ ಮ್ಯಾಕಿಂಟಾಷ್‌ನಲ್ಲಿ ಇದ್ದದ್ದು ಬರೀ 128 ಕೆಬಿ ಮೆಮೊರಿ. ಇವತ್ತು ನಮಗೆ ವಾಟ್ಸ್ಆ್ಯಪ್‌ನಲ್ಲಿ ಬರುವ ಎಷ್ಟೋ ಫೋಟೊಗಳೇ ಅದಕ್ಕಿಂತ ದೊಡ್ಡವು. ಅಷ್ಟು ಚಿಕ್ಕ ಜಾಗದಲ್ಲಿ ಬೇಲಿ ಹಾಕುವ ಮಾತೇ ಇರಲಿಲ್ಲ. ಕೆಟ್ಟಾಗ ಪರದೆಯ ಮೇಲೆ ಬಾಂಬಿನ ಚಿತ್ರ ಬರುತ್ತಿತ್ತು. ಮುಂದೆ ಏಕಕಾಲಕ್ಕೆ ಹಲವು ಪ್ರೋಗ್ರಾಂ ನಡೆಸುವಂತಾದಾಗಲೂ, ಒಂದು ಪ್ರೋಗ್ರಾಂ ತಾನಾಗಿ ದಾರಿ ಬಿಟ್ಟರೆ ಮಾತ್ರ ಇನ್ನೊಂದಕ್ಕೆ ಸರದಿ. ಬಿಡದಿದ್ದರೆ ಎಲ್ಲವೂ ಸ್ತಬ್ಧ. 1992ರ ವಿಂಡೋಸ್ 3.1 ಕೂಡ ಇದೇ ಜಾತಿಯದು.

ವಿಂಡೋಸ್ 95 ಬೇಲಿ ಹಾಕಿತು, ಆದರೆ ಅರ್ಧಂಬರ್ಧ. ಹಳೆಯ ಡಾಸ್ ಪ್ರೋಗ್ರಾಂಗಳೂ ನಡೆಯಬೇಕು, 4 ಎಂಬಿ ಮೆಮೊರಿಯ ಅಗ್ಗದ ಕಂಪ್ಯೂಟರಿನಲ್ಲೂ ಓಡಬೇಕು ಎಂಬ ಹಟಕ್ಕೆ ಅಲ್ಲಲ್ಲಿ ಕಿಂಡಿ ಬಿಡಬೇಕಾಯಿತು. ಇದರದೊಂದು ತಮಾಷೆ ಕೇಳಿ. ಆನ್ ಮಾಡಿದಾಗಿನಿಂದ ಎಷ್ಟು ಮಿಲಿಸೆಕೆಂಡ್ ಆಯಿತೆಂದು ಅದು ಎಣಿಸುತ್ತಿತ್ತು. ಆ ಲೆಕ್ಕದ ಡಬ್ಬಿ 49.7 ದಿನಕ್ಕೆ ತುಂಬಿ ಮತ್ತೆ ಸೊನ್ನೆಗೆ ಬರುತ್ತಿತ್ತು, ಆಗ ಕಂಪ್ಯೂಟರ್ ಹ್ಯಾಂಗ್ ಆಗಬಹುದಿತ್ತು. ಈ ದೋಷ ಬೆಳಕಿಗೆ ಬರಲು ವರ್ಷಗಳೇ ಹಿಡಿದವು. ಅದು ಅಷ್ಟು ದಿನ ನಿಲ್ಲದೆ ಓಡಿದ್ದರೆ ತಾನೆ!

1998ರ ಏಪ್ರಿಲ್‌ನಲ್ಲಿ ಷಿಕಾಗೋದ ಮೇಳವೊಂದರಲ್ಲಿ ಇನ್ನೂ ಬಿಡುಗಡೆಯಾಗದ ವಿಂಡೋಸ್ 98 ತೋರಿಸುತ್ತಿದ್ದರು. ವೇದಿಕೆಯಲ್ಲಿ ಬಿಲ್ ಗೇಟ್ಸ್ ಇದ್ದರು. ಸ್ಕ್ಯಾನರ್‌ ಒಂದನ್ನು ಸಿಕ್ಕಿಸಿದ ಕೂಡಲೇ ನೀಲಿ ಪರದೆ. ಸಭೆಯೆಲ್ಲ ನಗು. ಇದಕ್ಕೇ ಇನ್ನೂ ಮಾರಾಟಕ್ಕೆ ಬಿಟ್ಟಿಲ್ಲ ಎಂಬರ್ಥದ ಮಾತಾಡಿ ಗೇಟ್ಸ್ ಕೂಡ ನಕ್ಕರು.

ಹಾಗಾದರೆ ಬೇಲಿ ಹಾಕುವುದು ಯಾರಿಗೂ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಶುರುವಾದ ಯೂನಿಕ್ಸ್, ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳಲು ಬೆಳೆದದ್ದು. ಒಬ್ಬರ ಕೆಲಸ ಕೆಟ್ಟರೆ ಇನ್ನೊಬ್ಬರದು ಕೆಡಬಾರದು. ಅದೇ ದಾರಿಯಲ್ಲಿ 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಶುರು ಮಾಡಿದರು. ಮೈಕ್ರೋಸಾಫ್ಟ್ ಕೂಡ 1993ರಲ್ಲೇ ವಿಂಡೋಸ್ ಎನ್‌ಟಿ ತಂದಿತ್ತು, ಗಟ್ಟಿ ಬೇಲಿಯದ್ದು. ಅದಕ್ಕೆ ಕನಿಷ್ಠ 12 ಎಂಬಿ ಮೆಮೊರಿ ಬೇಕಿತ್ತು. ಆಗ ಮೆಮೊರಿ ದುಬಾರಿ. ಹಾಗಾಗಿ ಎನ್‌ಟಿ ದೊಡ್ಡ ಕಚೇರಿಗಳಿಗೆ ಹೋಯಿತು, ಮನೆಗಳಿಗೆ 95 ಬಂತು. ಕಾಸಿದ್ದವರಿಗೆ ಮುಳ್ಳುತಂತಿ, ಉಳಿದವರಿಗೆ ಕಳ್ಳಿಗಿಡ.

ಲಿನಕ್ಸ್‌ನಲ್ಲೂ ಎಲ್ಲ ಸುಸೂತ್ರವಾಗಿರಲಿಲ್ಲ. ಒಳಗಿನ ಯಜಮಾನ, ಅಂದರೆ ಕರ್ನೆಲ್, ಜೀವಂತ ಇದ್ದರೂ ಕಣ್ಣಿಗೆ ಕಾಣುವ ಪರದೆ ನಿಂತುಹೋಗುತ್ತಿತ್ತು. ತಿಳಿದವರು ಇನ್ನೊಂದು ಕಂಪ್ಯೂಟರಿನಿಂದ ಒಳಹೊಕ್ಕು ಸರಿಮಾಡುತ್ತಿದ್ದರು. ತಿಳಿಯದವರಿಗೆ ಅದೂ ಹ್ಯಾಂಗೇ.

2001 ತಿರುವಿನ ವರ್ಷ. ಆ್ಯಪಲ್ ತಾನೇ ಹೊಸದೊಂದನ್ನು ಕಟ್ಟಲು ಹೋಗಿ ಕೈಸುಟ್ಟುಕೊಂಡಿತ್ತು. ಕೊನೆಗೆ ನೆಕ್ಸ್ಟ್ ಕಂಪನಿಯನ್ನು ಕೊಂಡು, ಅದರ ಯೂನಿಕ್ಸ್ ಮೂಲದ ತಳಪಾಯದ ಮೇಲೆ ಮಾರ್ಚ್‌ನಲ್ಲಿ ಮ್ಯಾಕ್ ಓಎಸ್ ಟೆನ್ ತಂದಿತು. ಅಕ್ಟೋಬರ್‌ನಲ್ಲಿ ಎನ್‌ಟಿ ತಳಪಾಯದ ವಿಂಡೋಸ್ ಎಕ್ಸ್‌ಪಿ ಬಂತು. ಮನೆಯ ಕಂಪ್ಯೂಟರಿಗೂ ಕೊನೆಗೆ ಬೇಲಿ ಸಿಕ್ಕಿತು.

ಆದರೂ ನೀಲಿ ಪರದೆ ಹೋಗಲಿಲ್ಲ. ಸೌಂಡ್ ಕಾರ್ಡ್ ಮುಂತಾದವನ್ನು ನಡೆಸುವ ಡ್ರೈವರ್‌ಗಳಲ್ಲಿ ಬಹಳಷ್ಟು ಬೇಲಿಯ ಹೊರಗಲ್ಲ, ಯಜಮಾನನ ಮನೆಯೊಳಗೇ ಇರುತ್ತವೆ. ಇವನ್ನು ಬರೆಯುವವರು ಯಾರ‍್ಯಾರೋ. ಎಕ್ಸ್‌ಪಿ ಕೆಟ್ಟ ಪ್ರಸಂಗಗಳಲ್ಲಿ 85 ಶೇಕಡ ಡ್ರೈವರ್‌ಗಳಿಂದಲೇ ಎಂದು 2003ರ ಒಂದು ಸಂಶೋಧನಾ ಪ್ರಬಂಧ ಹೇಳಿತು. ಲಿನಕ್ಸ್‌ನಲ್ಲೂ ಹೆಚ್ಚು ತಪ್ಪು ಕಂಡದ್ದು ಡ್ರೈವರ್‌ಗಳಲ್ಲೇ.

ಇದರ ದೊಡ್ಡ ಅನಾಹುತ ನೋಡಿದ್ದು 2024ರ ಜುಲೈ 19ರಂದು. ಕ್ರೌಡ್‌ಸ್ಟ್ರೈಕ್ ಕಂಪನಿಯ ರಕ್ಷಣಾ ತಂತ್ರಾಂಶ ವಿಂಡೋಸ್ ಕರ್ನೆಲ್‌ನ ಒಳಗೇ ಕೂತಿತ್ತು. ಅದಕ್ಕೆ ಬಂದ ಒಂದು ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ನೀಲಿಯಾದವು. ಬೇಲಿಯೇ ಎದ್ದು ಹೊಲ ಮೇಯ್ದಂತೆ. ವಿಮಾನಗಳು ನಿಂತವು, ಆಸ್ಪತ್ರೆಗಳ ಕೆಲಸ ಕೆಟ್ಟಿತು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರು ಪರದಾಡಿದರು. ನಮ್ಮ ದೇಶದಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಹಿಡಿದು ವಿಮಾನ ಹತ್ತಿದವರಿದ್ದಾರೆ. ಎಷ್ಟೋ ಕಂಪ್ಯೂಟರ್‌ಗಳನ್ನು ಒಂದೊಂದಾಗಿ, ಮುಂದೆ ಕೂತು ಸರಿಮಾಡಬೇಕಾಯಿತು.

ಅಂದು ಮ್ಯಾಕ್, ಲಿನಕ್ಸ್ ಬಚಾವಾದವು, ಆ ಅಪ್‌ಡೇಟ್ ಅವಕ್ಕೆ ಹೋಗಿರಲಿಲ್ಲ. ಆದರೆ ಅದೇ ವರ್ಷ ಏಪ್ರಿಲ್‌ನಲ್ಲಿ ಅದೇ ತಂತ್ರಾಂಶದಿಂದ ಕೆಲವು ಲಿನಕ್ಸ್ ಸರ್ವರ್‌ಗಳು ಕೆಟ್ಟ ವರದಿಯಿತ್ತು. ಆ್ಯಪಲ್ ಮಾತ್ರ 2019ರಿಂದಲೇ ಇಂಥವನ್ನು ಕರ್ನೆಲ್‌ನಿಂದ ಹೊರಗೆ ಕಳಿಸಲು ಶುರು ಮಾಡಿತ್ತು. ಈ ವಿಷಯದಲ್ಲಿ ನಮ್ಮ ಓಟು ಅದಕ್ಕೇ. ಮೈಕ್ರೋಸಾಫ್ಟ್ ಈಗ ಅದೇ ದಾರಿ ಹಿಡಿದಿದೆ.

ನೀವು ಇದನ್ನು ಓದುತ್ತಿರುವುದು ಆಂಡ್ರಾಯ್ಡ್ ಫೋನಿನಲ್ಲಾದರೆ, ಅದರೊಳಗಿರುವುದೂ ಲಿನಕ್ಸ್ ಕರ್ನೆಲ್ಲೇ. ಒಂದೇ ಯಂತ್ರ ಹಂಚಿಕೊಂಡ ಬೇರೆ ಬೇರೆ ಜನರನ್ನು ಯೂನಿಕ್ಸ್ ಹೇಗೆ ದೂರ ಇಟ್ಟಿತೋ, ಹಾಗೇ ಅದು ಪ್ರತಿ ಆ್ಯಪನ್ನೂ ಬೇರೆ ಬೇರೆ ಬಳಕೆದಾರರೆಂದು ಎಣಿಸಿ ಬೇಲಿ ಹಾಕುತ್ತದೆ. ಒಂದು ಆ್ಯಪ್ ನಿಂತಿದೆ ಎಂಬ ಚಿಕ್ಕ ಸಂದೇಶ ಬಂದಾಗಲೂ ನಿಮಗೆ ಬರುವ ಕರೆ ಬಂದೇ ಬರುತ್ತದಲ್ಲ, ಅದು ಇದರಿಂದಲೇ.