ಎಣ್ಣೆ, ಸ್ಪ್ರಿಂಗು ಮತ್ತು ಸಂಪಾಜೆ ಘಾಟಿ

ಬೆಂಗಳೂರಿನಲ್ಲಿ ಬೈಕಿನ ಮುಂದಿನ ಸಸ್ಪೆನ್ಷನ್ ಅಪ್‌ಗ್ರೇಡ್ ಮಾಡಿಸಬೇಕು ಅಂತ ಅಂಗಡಿಗೆ ಹೋದರೆ ಮೊದಲು ಕೇಳೋದು, "ಬಜೆಟ್ ಎಷ್ಟು ಸರ್?" ಸುಳ್ಯದ ಕಡೆಯ ಹಳೇ ಮೆಕ್ಯಾನಿಕ್ ಹತ್ತಿರ ಅದೇ ಮಾತು ಹೇಳಿ ನೋಡಿ. "ಹಿಂದೆ ಯಾರು ಕೂರ್ತಾರೆ? ಘಾಟಿ ಇಳಿಸ್ಲಿಕ್ಕೆ ಉಂಟಾ?" ಅಂತ ಕೇಳ್ತಾರೆ. ಎರಡನೇ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಅದು ಯಾಕೆ ಸರಿ ಅಂತ ಅರ್ಥ ಮಾಡಿಕೊಳ್ಳೋಕೆ ನೂರು ವರ್ಷಕ್ಕೂ ಹಿಂದೆ ಹೋಗಬೇಕಾಗುತ್ತದೆ. ಜೊತೆಗೆ ಮೈಸೂರಿಗೂ ಹೋಗಬೇಕು.

ಮೊದಮೊದಲ ಮೋಟಾರ್‌ಸೈಕಲ್ ಅಂದರೆ ಇಂಜಿನ್ ಕಟ್ಟಿದ ಸೈಕಲ್ಲು, ಅಷ್ಟೇ. ಮುಂದಿನ ಫೋರ್ಕು ಗಟ್ಟಿ ಕಬ್ಬಿಣ. ಕಲ್ಲಿಗೆ ಬಡಿದ ಪೆಟ್ಟು ನೇರ ಮಣಿಕಟ್ಟಿಗೆ. ಇಂಗ್ಲೆಂಡಿನ ಆಲ್ಫ್ರೆಡ್ ಸ್ಕಾಟ್ 1908ರ ಹೊತ್ತಿಗೇ ಒಂದರೊಳಗೊಂದು ಜಾರುವ ನಳಿಗೆಗಳ ಫೋರ್ಕನ್ನು ತನ್ನ ಬೈಕಿಗೆ ಹಾಕಿದ್ದ. ಆದರೆ ಹೆಚ್ಚಿನವರು ನೆಚ್ಚಿಕೊಂಡಿದ್ದು ಗರ್ಡರ್ ಫೋರ್ಕನ್ನು: ಕಬ್ಬಿಣದ ಚೌಕಟ್ಟು, ಮೇಲೊಂದು ಸ್ಪ್ರಿಂಗು, ಕೀಲುಗಳು. ಸ್ಪ್ರಿಂಗು ಪೆಟ್ಟನ್ನು ತಗೊಳ್ಳುತ್ತದೆ, ನಿಜ. ಆದರೆ ತಗೊಂಡಿದ್ದನ್ನು ವಾಪಸ್ ಕೊಡುತ್ತದೆ. ಸಾಲ ತಗೊಂಡವ ಬಡ್ಡಿ ಸಮೇತ ಎಸೆದ ಹಾಗೆ, ಗಾಡಿ ಕುಣಿಯುತ್ತಲೇ ಇರುತ್ತದೆ. ಆ ಕುಣಿತವನ್ನು ನಿಲ್ಲಿಸೋದಕ್ಕೆ ಬೇಕಾಗಿದ್ದು ಎಣ್ಣೆ. ಸಣ್ಣ ತೂತಿನ ಮೂಲಕ ಎಣ್ಣೆಯನ್ನು ಹಿಂಡಿದರೆ ಸ್ಪ್ರಿಂಗಿನ ಶಕ್ತಿ ಬಿಸಿಯಾಗಿ ಹೋಗಿಬಿಡುತ್ತದೆ. 1935ರಲ್ಲಿ ಬಿಎಂಡಬ್ಲ್ಯೂ ಆರ್12 ಮತ್ತು ಆರ್17 ಬೈಕುಗಳು ಹೀಗೆ ಎಣ್ಣೆಯ ತಡೆ ಇರುವ ಟೆಲಿಸ್ಕೋಪಿಕ್ ಫೋರ್ಕಿನೊಂದಿಗೆ ಬಂದವು. ಅದಕ್ಕೆ ಒಂದು ವರ್ಷ ಮುಂಚೆ ಡೆನ್ಮಾರ್ಕಿನ ನಿಂಬಸ್ ಬೈಕಿನಲ್ಲಿ ನಳಿಗೆ ಇತ್ತು, ಎಣ್ಣೆಯ ತಡೆ ಇರಲಿಲ್ಲ. ಮುಂದಿನ ಹಲವು ದಶಕ ಪ್ರಪಂಚದ ಬಹುಪಾಲು ಬೈಕುಗಳು ಓಡಿದ್ದು ಈ ಒಂದು ಉಪಾಯದ ಮೇಲೆ.

ನಮ್ಮೂರಿಗೆ ಆ ಉಪಾಯ ಬಂದಿದ್ದು ಜರ್ಮನಿಯಿಂದ ಅಲ್ಲ, ಮೈಸೂರಿನ ಯಾದವಗಿರಿಯಿಂದ. ಐಡಿಯಲ್ ಜಾವಾ ಕಂಪನಿ 1960ರಲ್ಲಿ ಶುರುವಾಯಿತು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯಲ್ಲಿ 250 ಸಿಸಿ ಬೈಕು ಮಾಡಿದರು, 1973ರಿಂದ ಯೆಜ್ಡಿ ಅಂತ ಹೆಸರಿಟ್ಟರು, 1978ರಲ್ಲಿ ರೋಡ್‌ಕಿಂಗ್ ತಂದರು, 1996ರಲ್ಲಿ ಬಾಗಿಲು ಹಾಕಿದರು. ಯೆಜ್ಡಿ ಅಂದರೆ ಇರಾನಿನ ಯಜ್ದ್ ಊರಿನ ನೆನಪು. ಮೈಸೂರಿನಿಂದ ಪಶ್ಚಿಮಕ್ಕೆ ಹೊರಡುವ ರಸ್ತೆ ಹುಣಸೂರು, ಕುಶಾಲನಗರ, ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿದು, ಸುಳ್ಯ, ಪುತ್ತೂರು ಹಾದು ಮಾಣಿಯಲ್ಲಿ ಮಂಗಳೂರಿನ ಹೆದ್ದಾರಿ ಸೇರುತ್ತದೆ. ಈಗ ಅದಕ್ಕೆ ರಾಷ್ಟ್ರೀಯ ಹೆದ್ದಾರಿ 275 ಅಂತ ನಂಬರು. ಅಂದರೆ ಕಾರ್ಖಾನೆಯ ಊರಿಂದ ನಮ್ಮ ತೋಟಗಳಿಗೆ ಒಂದೇ ರಸ್ತೆ. ಆ ರಸ್ತೆಯೇ ಅದರ ಪರೀಕ್ಷೆಯೂ ಆಗಿತ್ತು ಅಂತ ನನ್ನ ಅನಿಸಿಕೆ.

ನಮ್ಮ ಮಾವನ ಹತ್ತಿರ ರೋಡ್‌ಕಿಂಗ್ ಇತ್ತು. ಹಿಂದೆ ಅಡಿಕೆ ಗೋಣಿ, ಮುಂದೆ ಟ್ಯಾಂಕಿನ ಮೇಲೆ ನಾನು. ಆಗ ಅದು ಟೂರಿಂಗ್ ಬೈಕು ಅಂತ ಯಾರೂ ಹೇಳಿರಲಿಲ್ಲ. ಹಾಲಿನ ಡೈರಿ, ಸೊಸೈಟಿ, ಆಸ್ಪತ್ರೆ, ಮದುವೆ ಎಲ್ಲಕ್ಕೂ ಅದೇ. ಮನೆಯಿಂದ ಡಾಂಬರು ರಸ್ತೆಗೆ ಎರಡು ಕಿಲೋಮೀಟರ್ ಮುರಕಲ್ಲಿನ ದಾರಿ. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಜಾಗ ಮಾರಾಯ್ರೇ, ಜೂನ್ ಆದ ಮೇಲೆ ಆ ದಾರಿ ತೋಡು ಆಗಿರುತ್ತಿತ್ತು. ಹೊಳೆ ಅಡ್ಡ ಇದ್ದ ಊರುಗಳ ಕಥೆ ಇನ್ನೂ ಬೇರೆ. ಸುಳ್ಯದ ಇಂಜಿನಿಯರ್ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಅಡ್ಡ ತಮ್ಮ ಮೊದಲ ತೂಗುಸೇತುವೆ ಕಟ್ಟಿದರು. ಆಮೇಲೆ ಅಂಥ ನೂರಕ್ಕೂ ಹೆಚ್ಚು ಸೇತುವೆ ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದರು. ಆ ಸೇತುವೆಗೂ ಸಸ್ಪೆನ್ಷನ್ನೇ, ಬೈಕಿನ ಫೋರ್ಕಿಗೂ ಸಸ್ಪೆನ್ಷನ್ನೇ. ನಮ್ಮ ಮೂರು ತಾಲೂಕಿನಲ್ಲಿ ಮನುಷ್ಯರು ಪೇಟೆ ಮುಟ್ಟಿದ್ದು ಇವೆರಡರ ಮೇಲೆ ತೂಗಾಡಿಕೊಂಡೇ ಅಂತ ಹೇಳಿದರೆ ತಪ್ಪಾಗಲಿಕ್ಕಿಲ್ಲ.

ಈಗ ತಾಂತ್ರಿಕ ವಿಷಯಕ್ಕೆ ಬರ್ತೇನೆ, ಸ್ವಲ್ಪ ಸಹಿಸಿಕೊಳ್ಳಿ. ಹಳೇ ಟೆಲಿಸ್ಕೋಪಿಕ್ ಫೋರ್ಕಿನಲ್ಲಿ ತೂತು ಇರುವ ಒಂದು ಕಡ್ಡಿ ಇರುತ್ತದೆ, ಡ್ಯಾಂಪರ್ ರಾಡ್. ತೂತಿನ ಅಳತೆ ಬದಲಾಗೋದಿಲ್ಲ. ಅಂಥ ತೂತಿನಲ್ಲಿ ಎಣ್ಣೆಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ಫೋರ್ಕು ಎರಡು ಪಟ್ಟು ಜೋರಾಗಿ ಕುಸಿದರೆ ತಡೆ ನಾಲ್ಕು ಪಟ್ಟು. ಹಾಗಾಗಿ ಎರಡು ತೊಂದರೆ ಒಟ್ಟಿಗೆ. ಬ್ರೇಕ್ ಹಿಡಿದಾಗ ಫೋರ್ಕು ನಿಧಾನವಾಗಿ ಕುಸಿಯುತ್ತದೆ, ಆಗ ತಡೆಯೇ ಇಲ್ಲ, ಮೂಗು ನೆಲಕ್ಕೆ. ಚೂಪು ಗುಂಡಿಗೆ ಬಿದ್ದಾಗ ಜೋರಾಗಿ ಕುಸಿಯಬೇಕು, ಆಗ ಎಣ್ಣೆ ಗೋಡೆಯ ಹಾಗೆ ನಿಲ್ಲುತ್ತದೆ, ಕೈಗೆ ಪೆಟ್ಟು. ದಪ್ಪ ಎಣ್ಣೆ ಹಾಕಿದರೆ ಮೊದಲನೆಯದು ಸುಧಾರಿಸಿ ಎರಡನೆಯದು ಕೆಡುತ್ತದೆ. ತೆಳು ಎಣ್ಣೆಗೆ ಉಲ್ಟಾ.

ಸಂಪಾಜೆ ಘಾಟಿ ಇಳಿಯುವಾಗ ಈ ಎರಡೂ ಒಂದೇ ಕ್ಷಣದಲ್ಲಿ ಬರುತ್ತವೆ. ಇಳಿಜಾರು, ತಿರುವು, ಬ್ರೇಕು, ಬ್ರೇಕಿನ ಮಧ್ಯದಲ್ಲೇ ಗುಂಡಿ. ಫೋರ್ಕು ಬ್ರೇಕಿಗೇ ಮುಕ್ಕಾಲು ಕುಸಿದಿದ್ದರೆ ಗುಂಡಿಗೆ ಏನೂ ಉಳಿದಿರೋದಿಲ್ಲ. ಹಿಂದೆ ಅಮ್ಮ ಕೂತಿದ್ದರೆ, ಅವರ ಭಾರ ಪೂರ್ತಿ ಮುಂದೆ ಜಾರಿ ನನ್ನ ಬೆನ್ನಿಗೆ. ಅವರಿಗೆ ಸೊಂಟದ ಡಿಸ್ಕ್ ತೊಂದರೆ ಇದೆ. ಪುತ್ತೂರಿನ ಡಾಕ್ಟರರು ಬೈಕೇ ಬೇಡ ಅಂದಿದ್ದಾರೆ. ಆದರೆ ಮನೆ ಬಾಗಿಲಿಗೆ ಬಸ್ಸು ಬರೋದಿಲ್ಲ, ಮಳೆಗಾಲದಲ್ಲಿ ಆಟೋದವರೂ ಬರೋದಿಲ್ಲ. ನನಗೆ ಸಸ್ಪೆನ್ಷನ್ ಹವ್ಯಾಸದ ವಿಷಯ ಅಲ್ಲ ಅಂತ ಆಫೀಸಿನಲ್ಲಿ ಹೇಳಿದರೆ ನಗ್ತಾರೆ.

ರಸ್ತೆ ಸರಿ ಮಾಡಲಿ, ಫೋರ್ಕು ಯಾಕೆ ಬದಲಾಯಿಸಬೇಕು ಅಂತ ಕೇಳುವವರು ಇದ್ದಾರೆ. ಕೇಳಬೇಕಾದ್ದೇ. ಗುಂಡ್ಯದಿಂದ ಹತ್ತುವ ಶಿರಾಡಿ ಘಾಟಿಯನ್ನು ಕಾಂಕ್ರೀಟಿಗೋಸ್ಕರ 2015ರಲ್ಲೊಮ್ಮೆ, 2018ರಲ್ಲೊಮ್ಮೆ ತಿಂಗಳುಗಟ್ಟಲೆ ಮುಚ್ಚಿದ್ದರು. ಅದೇ 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡವೇ ಜರಿದು ಮಡಿಕೇರಿ–ಸಂಪಾಜೆ ರಸ್ತೆ ಕಡಿದುಹೋಯಿತು. ಮನೆ, ತೋಟ, ಜೀವ ಹೋದವು. ಇಲ್ಲಿ ರಸ್ತೆ ಅನ್ನೋದು ಗುಡ್ಡದಿಂದ ಕೆಲವು ವರ್ಷಕ್ಕೆ ಪಡೆದ ಕಡ. ಕಾಂಕ್ರೀಟ್ ಹಾಕಿದ ಮೇಲೂ ಮನೆಯ ಹತ್ತಿರದ ಎರಡು ಕಿಲೋಮೀಟರ್ ಹಾಗೇ ಇದೆ.

2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬಂತು: 411 ಸಿಸಿ, 21 ಇಂಚಿನ ಮುಂದಿನ ಚಕ್ರ, 41 ಮಿಲಿಮೀಟರಿನ ಫೋರ್ಕು, 200 ಮಿಲಿಮೀಟರ್ ಓಟ. ನನ್ನದು ಅದೇ. 2023ರ ನವೆಂಬರಿನಲ್ಲಿ ಬಂದ 450ರಲ್ಲಿ ಶೋವಾ ಕಂಪನಿಯ 43 ಮಿಲಿಮೀಟರಿನ ತಲೆಕೆಳಗಾದ ಫೋರ್ಕು. ಓಟ ಎಷ್ಟು ಗೊತ್ತಾ? ಅದೇ 200. ಅಂಗಡಿಯಲ್ಲಿ ಎಲ್ಲರೂ ಈ ನಂಬರನ್ನೇ ಕೇಳೋದು, ಆದರೆ ಬದಲಾಗಿದ್ದು ನಂಬರಲ್ಲ. ತಲೆಕೆಳಗಾದ ಫೋರ್ಕಿನಲ್ಲಿ ದಪ್ಪ ನಳಿಗೆ ಮೇಲಿರುತ್ತದೆ, ಹ್ಯಾಂಡಲಿನ ಹಿಡಿತದೊಳಗೆ; ಬ್ರೇಕ್ ಹಿಡಿದಾಗ ಬಾಗುವ ಒತ್ತಡ ಹೆಚ್ಚು ಬೀಳುವುದೂ ಅಲ್ಲೇ. ಹಾಗಾಗಿ ಗಟ್ಟಿ.

ಆದರೆ ನಮ್ಮ ಕಡೆಗೆ ಅದರದ್ದೊಂದು ತಕರಾರು ಉಂಟು. ಜಾರುವ ಹೊಳಪಿನ ನಳಿಗೆ ಕೆಳಗೆ, ಕೆಸರಿನ ಹತ್ತಿರ. ಕೆಂಪು ಮಣ್ಣು ಒಣಗಿ ಅಂಟಿಕೊಂಡರೆ ಸೀಲನ್ನು ಮರಳು ಕಾಗದದ ಹಾಗೆ ಉಜ್ಜುತ್ತದೆ. ಸೀಲು ಹೋದರೆ ಎಣ್ಣೆ ಇಳಿದು ಬ್ರೇಕಿನ ಡಿಸ್ಕಿಗೆ. ಹಳೇ ಜಾವಾದವರು ನಳಿಗೆಯ ಮೇಲ್ಭಾಗಕ್ಕೆ ತಗಡಿನ ಮುಚ್ಚಿಗೆ ಹಾಕಿದ್ದು ಚಂದಕ್ಕೆ ಅಂತ ನಾನು ಬಹಳ ಕಾಲ ಅಂದುಕೊಂಡಿದ್ದೆ. ಈಗ ಬೇರೆ ಕಾರಣವೂ ಕಾಣುತ್ತದೆ.

ಇಡೀ ಫೋರ್ಕನ್ನೇ ಬದಲಿಸುವ ಆಸೆ ನನಗೂ ಇತ್ತು. ಕೈಬಿಟ್ಟೆ. ಒಂದು, ಮೋಟಾರು ವಾಹನ ಕಾಯ್ದೆಯ 52ನೇ ಕಲಮು. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾದ ಬದಲಾವಣೆ ಸಲ್ಲದು ಅಂತ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಮತ್ತೆ ಹೇಳಿದೆ. ಎರಡು, ಕಡಬದಲ್ಲಿ ಕೆಟ್ಟರೆ ಕಡಬದಲ್ಲೇ ರಿಪೇರಿ ಆಗಬೇಕು. ಉಳಿದದ್ದು ಒಳಗಿನ ಕೆಲಸ: ನನ್ನ ಮತ್ತು ಅಮ್ಮನ ಒಟ್ಟು ತೂಕಕ್ಕೆ ತಕ್ಕ ಬಿಗಿ ಸ್ಪ್ರಿಂಗು, ಡ್ಯಾಂಪರ್ ರಾಡಿನ ತಲೆಯ ಮೇಲೆ ಕೂರುವ ಎಮ್ಯುಲೇಟರ್ ಎಂಬ ಪುಟ್ಟ ಕವಾಟ, ಹೊಸ ಎಣ್ಣೆ, ಹೊಸ ಸೀಲು. ನಿಧಾನ ಕುಸಿತಕ್ಕೆ ಕವಾಟ ಮುಚ್ಚಿರುತ್ತದೆ, ಜೋರು ಪೆಟ್ಟಿಗೆ ತೆರೆದುಕೊಂಡು ಎಣ್ಣೆಗೆ ದಾರಿ ಬಿಡುತ್ತದೆ. 1935ರ ಫೋರ್ಕಿನ ಹಳೇ ಜಗಳಕ್ಕೆ ಅದು ಒಳ್ಳೆ ರಾಜಿ.

ಕೆಲಸ ಮಾಡಿದ್ದು ಸುಳ್ಯದ ಕಡೆಯ ಒಬ್ಬ ಹಿರಿಯರು, ಯೆಜ್ಡಿ ಕಾಲದವರು. ಎಮ್ಯುಲೇಟರನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದು ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಅಲ್ವಾ?" ಅಂದರು. ನಾನು ಮೂರು ವೀಡಿಯೊ ನೋಡಿ ಕಲಿತದ್ದನ್ನು ಅವರು ತೋಟದ ಕೆರೆಯಿಂದ ಕಲಿತಿದ್ದರು. ಎಣ್ಣೆ ಹಾಕಿದ ಮೇಲೆ ಎರಡೂ ಕಾಲಿನ ಮಟ್ಟವನ್ನು ಸ್ಟೀಲ್ ಸ್ಕೇಲಿನಲ್ಲಿ ಅಳೆದರು, ಒಂದು ಮಿಲಿಮೀಟರ್ ವ್ಯತ್ಯಾಸಕ್ಕೆ ಸಿರಿಂಜಿನಲ್ಲಿ ಎಣ್ಣೆ ತೆಗೆದರು. ಪ್ರೀಲೋಡ್ ಜಾಸ್ತಿ ಮಾಡಿದರೆ ಸ್ಪ್ರಿಂಗು ಬಿಗಿಯಾಗುತ್ತದೆ ಅಂತ ಪಕ್ಕದಲ್ಲಿದ್ದ ಹುಡುಗ ಹೇಳಿದ್ದಕ್ಕೆ, "ಬಿಗಿ ಆಗುದಿಲ್ಲ, ಗಾಡಿ ಎತ್ತರ ಆಗ್ತದೆ, ಅಷ್ಟೆ," ಅಂದರು. ಈ ಒಂದು ವಾಕ್ಯ ಬೆಂಗಳೂರಿನಲ್ಲಿ ನನಗೆ ಯಾರೂ ಇಷ್ಟು ಸಲೀಸಾಗಿ ಹೇಳಿರಲಿಲ್ಲ.

ಆಮೇಲೆ ಅಮ್ಮನನ್ನು ಅಂಗಡಿಯ ಹೊರಗೇ ಹಿಂದಿನ ಸೀಟಿನಲ್ಲಿ ಕೂರಿಸಿ, ನನ್ನನ್ನು ಮುಂದೆ ಕೂರಿಸಿ, ಫೋರ್ಕು ಎಷ್ಟು ಕುಸಿಯಿತು ಅಂತ ಅಳೆದರು. 200ರಲ್ಲಿ 58. ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇರಬೇಕು, ಇದೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬೇರೆ ಗಾಡಿಗಳ ಅಳತೆ ಬರೆದಿದ್ದರ ಕೆಳಗೆ ನನ್ನ ಗಾಡಿಯ ನಂಬರು, 58 ಅಂತ ಬರೆದು, ಪಕ್ಕದಲ್ಲಿ "ತಾಯಿ ಸಮೇತ" ಅಂತ ಸೇರಿಸಿದರು.